ನನಗೆ ಒಗ್ಗದ ಶಾಂತಲೆ ಮುಂದಿನ ಮನೆಗೆ

ನಾಲ್ಕು ಸಂಪುಟ. ಕೊನೆಯ ಪುಟದವರೆಗೂ ಓದಿದ್ದು ನಿಜ, ನಿರಾಸೆಯಾದದ್ದೂ ನಿಜ. ರದ್ದಿಗೆ ಹಾಕಬೇಕೆ? ಅಟ್ಟಕ್ಕೆ ಏರಿಸಬೇಕೆ? ಇನ್ನೊಬ್ಬರ ಕೈಗೆ ಕೊಡಬೇಕೆ? ಹೊಯ್ಸಳರ ನೆಲದಲ್ಲೇ ಹೊಯ್ಸಳರ ಕಾದಂಬರಿಯೊಂದು ಮನೆ ಬದಲಿಸಿದ ಕಥೆ ಇದು.

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನ ಹತ್ತಿರ ಬಂದರೆ ನಮ್ಮ ಹಾಸನ ಜಿಲ್ಲೆಯ ಮನೆಗಳಲ್ಲಿ ಅಟ್ಟ ಖಾಲಿಯಾಗುತ್ತದೆ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಆ ನಡುವೆ ದರ್ಶನಕ್ಕೆಂದು ಬರುವ ನೆಂಟರಿಗೆ ಹಾಸಿಗೆ ಹಾಸಲು ಜಾಗ ಬೇಕು. ದೀಪಾವಳಿಯ ಸುಣ್ಣಬಣ್ಣವೂ ಆಗಬೇಕು.

ಹೊಳೆನರಸೀಪುರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಂಥದೇ ಒಂದು ಬೆಳಿಗ್ಗೆ. ಹಿತ್ತಾಳೆಯ ಕೊಳಗ, ಮುರಿದ ತೊಟ್ಟಿಲು, ಕಂಬಳಿ ಎಲ್ಲ ಇಳಿದ ಮೇಲೆ ಸೆಣಬಿನ ಹುರಿಯಲ್ಲಿ ಬಿಗಿದ ನಾಲ್ಕು ದಪ್ಪ ಪುಸ್ತಕ ಕೆಳಗೆ ಬಂದವು. ಗೇಟಿನಾಚೆ ರದ್ದಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಒಂದು ಸಂಪುಟವನ್ನು ಎತ್ತಿ, ಅಂಚು ಸವರಿ ನೋಡಿ, ಕಾಗದ ಹಳದಿಯಾಗಿದೆ, ಒಳ್ಳೆಯ ದರ ಬರುವುದಿಲ್ಲ ಎಂದ.

ಚಿಕ್ಕಮ್ಮ ಕಟ್ಟನ್ನು ಅವನ ಕೈಯಿಂದ ತೆಗೆದುಕೊಂಡರು. ‘ಇದನ್ನ ಹೊರಗೆ ಹಾಕೋದಾದ್ರೆ ಓದಿದೋರು ಹಾಕ್ಲಿ. ಓದ್ದೆ ಇರೋರಿಗೆ ಆ ಹಕ್ಕಿಲ್ಲ’ ಎಂದು ನನ್ನ ಮಡಿಲಿಗೆ ಇಟ್ಟರು.

ಧೂಳು ಕೊಡವಿದರೆ ಹೆಸರು ಕಾಣಿಸಿತು: ‘ಪಟ್ಟಮಹಾದೇವಿ ಶಾಂತಲದೇವಿ’. ಬರೆದವರು ಸಿ.ಕೆ. ನಾಗರಾಜರಾವ್.

ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿಯ ಇಡೀ ಬಾಳನ್ನು ಹಿಡಿಯಲು ಹೊರಟ ಕಾದಂಬರಿ ಅದು. ಕಥೆ ಶುರುವಾಗುವುದು ಬಳಿಪುರದಲ್ಲಿ, ಅಂದರೆ ಇಂದಿನ ಬಳ್ಳಿಗಾವೆಯಲ್ಲಿ. ಹೆಗ್ಗಡೆ ಮಾರಸಿಂಗಯ್ಯ, ಹೆಗ್ಗಡತಿ ಮಾಚಿಕಬ್ಬೆ, ಅವರ ಒಬ್ಬಳೇ ಮಗಳು ಶಾಂತಲೆ. ಚಾಲುಕ್ಯರ ರಾಣಿ ಚಂದಲದೇವಿ ವೇಷ ಮರೆಸಿಕೊಂಡು ಅವರ ಮನೆಯಲ್ಲಿ ತಂಗುತ್ತಾಳೆ. ಆಮೇಲೆ ದೋರಸಮುದ್ರದ ಅರಮನೆ, ಮುಂದೆ ವಿಷ್ಣುವರ್ಧನನಾಗುವ ರಾಜಕುಮಾರ ಬಿಟ್ಟಿದೇವ, ಮದುವೆ, ಪಟ್ಟ, ಯುದ್ಧ, ಬೇಲೂರಿನ ಗುಡಿ. ನನ್ನಂತೆ ಬೇಲೂರು, ಹಳೇಬೀಡಿಗೆ ಶಾಲೆಯ ಪ್ರವಾಸ ಹೋಗಿ ಬೆಳೆದವರಿಗೆ ಇದಕ್ಕಿಂತ ಹತ್ತಿರದ ಕಥೆ ಇನ್ನಾವುದಿದೆ? ಆಸೆಯಿಂದಲೇ ಕೂತೆ.

ನಿರಾಸೆ ಒಂದೇ ಏಟಿಗೆ ಬರಲಿಲ್ಲ. ಮೊದಲ ಸಂಪುಟದ ಅರ್ಧದಲ್ಲಿ ಸಣ್ಣಗೆ ಮೊಳೆತು ಮುಂದೆ ಬೆಳೆಯುತ್ತ ಹೋಯಿತು. ಎಳೆಯ ಹುಡುಗಿ ಶಾಂತಲೆಗೆ ಸಂಗೀತ ಗೊತ್ತು, ನಾಟ್ಯ ಗೊತ್ತು, ಕತ್ತಿವರಸೆ ಗೊತ್ತು, ಧರ್ಮಸೂಕ್ಷ್ಮವೂ ಗೊತ್ತು. ಹಿರಿಯರು ಪ್ರಶ್ನೆ ಕೇಳಿದರೆ ಅವಳ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ಅವಳು ಎಡವುವ ಗಳಿಗೆಗಾಗಿ ನಾನು ಕಾದೆ. ಎಡವಿ, ನೊಂದು, ಮತ್ತೆ ಎದ್ದುಕೊಂಡಿದ್ದರೆ ಅವಳ ಜೊತೆ ನಾನೂ ಎದ್ದುಕೊಳ್ಳುತ್ತಿದ್ದೆ. ಕಾದಂಬರಿ ಆ ಅವಕಾಶ ಕೊಡಲಿಲ್ಲ. ಒಳ್ಳೆಯವರು ಒಳ್ಳೆಯ ಮಾತನ್ನು ಉದ್ದಕ್ಕೆ ಆಡುತ್ತಾರೆ, ಎದುರಿಗಿದ್ದವರು ಒಪ್ಪುತ್ತಾರೆ, ಒಪ್ಪಿಗೆಯನ್ನೂ ಉದ್ದಕ್ಕೇ ಹೇಳುತ್ತಾರೆ.

ಉಸಿರಾಡಿದವಳು ಒಬ್ಬಳೇ: ದಂಡನಾಯಕ ಮರಿಯಾನೆಯ ಹೆಂಡತಿ ಚಾಮವ್ವೆ. ಹೆಣ್ಣುಮಕ್ಕಳನ್ನು ರಾಜಕುಮಾರರಿಗೆ ಕೊಟ್ಟು ಅರಮನೆಯನ್ನೇ ಮನೆ ಮಾಡಿಕೊಳ್ಳುವ ಹಂಬಲ ಅವಳದು. ವಾಮಶಕ್ತಿ ಪಂಡಿತನ ಮಾಟಕ್ಕೂ ಮೊರೆಹೋಗುತ್ತಾಳೆ. ಹೊಟ್ಟೆಕಿಚ್ಚು, ಭಯ, ತಾಯ್ತನ ಮೂರೂ ಅವಳೊಳಗೆ ಒಟ್ಟಿಗೆ ಕುದಿಯುತ್ತವೆ. ಅವಳು ಬಂದಾಗಲೆಲ್ಲ ಪುಟ ತಾನಾಗಿ ತಿರುಗುತ್ತಿತ್ತು. ಅವಳು ಮರೆಯಾದ ಕೂಡಲೇ ನನ್ನ ಕಣ್ಣು ಪುಟದ ಸಂಖ್ಯೆಯ ಮೇಲೆ ಹೋಗುತ್ತಿತ್ತು.

ದಪ್ಪ ಕಾದಂಬರಿ ಕೈಕೊಟ್ಟರೆ ನೋವು ಹೆಚ್ಚು. ಸಣ್ಣಕಥೆ ಹಿಡಿಸದಿದ್ದರೆ ಒಂದು ಸಂಜೆ ಹೋಯಿತು, ಅಷ್ಟೆ. ನಾಲ್ಕು ಸಂಪುಟಕ್ಕೆ ನಾವು ಒಂದು ಮಳೆಗಾಲವನ್ನೇ ಕೊಟ್ಟಿರುತ್ತೇವೆ. ಐತಿಹಾಸಿಕ ಕಾದಂಬರಿಯ ವಿಷಯದಲ್ಲಿ ಇನ್ನೂ ಒಂದು ಎಳೆ ಸೇರುತ್ತದೆ: ಅದು ನಮ್ಮ ಊರಿನ ಕಥೆ, ನಮ್ಮವರ ಕಥೆ. ಹಿಡಿಸಲಿಲ್ಲ ಎನ್ನಲು ನಾಲಗೆ ಏಳುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕಗಳು ಅರ್ಧ ಓದಿಸಿಕೊಂಡು, ಪೂರ್ತಿ ಹೊಗಳಿಸಿಕೊಂಡು ಅಟ್ಟ ಸೇರುತ್ತವೆ.

[ ಬಾಕ್ಸ್: 1983ರ ಜೋಡಿ ]
ಭಾರತೀಯ ಜ್ಞಾನಪೀಠ ಸಂಸ್ಥೆಯ 1983ರ ಎರಡು ಗೌರವಗಳು ಕನ್ನಡದ ಐತಿಹಾಸಿಕ ಕಾದಂಬರಿಗಳಿಗೆ ಸಂದವು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ, ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ ಮೂರ್ತಿದೇವಿ ಪ್ರಶಸ್ತಿ. ಮೂರ್ತಿದೇವಿ ಪ್ರಶಸ್ತಿ ಆರಂಭವಾದದ್ದೇ ಈ ಕನ್ನಡ ಕೃತಿಯಿಂದ. ಎರಡು ವರ್ಷದ ನಂತರ, 1985ರಲ್ಲಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟರಲ್ಲಿ ತ.ರಾ.ಸು. ತೀರಿಕೊಂಡಿದ್ದರು.

ಇಷ್ಟು ಉದ್ದಕ್ಕೆ ಬರೆಯುವ ಹುಮ್ಮಸ್ಸು ಎಲ್ಲಿಂದ ಬಂತು? ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬೆಳೆದದ್ದು ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದರು. ಗಳಗನಾಥರು ವಿಜಯನಗರವನ್ನು ಕಾದಂಬರಿಯಾಗಿಸಿದರು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೇ ವರ್ಷದ ಉತ್ಸವ ನಡೆಯಿತು. ಒಂದು ಭಾಷೆಯ ಜನ ಬೇರೆ ಬೇರೆ ಆಡಳಿತಗಳಲ್ಲಿ ಬಾಳುತ್ತಿದ್ದಾಗ, ಒಂದಾಗಿದ್ದ ಕಾಲದ ಕಥೆ ಬರಿಯ ಮನರಂಜನೆಯಾಗಿ ಉಳಿಯುವುದಿಲ್ಲ. ಓದುಗರು ಅಲ್ಲಿ ತಮ್ಮ ವಿಳಾಸ ಹುಡುಕುತ್ತಿದ್ದರು.

ಆ ಗಳಗನಾಥರೇ ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದವರು. ಬರೆದವರೇ ಮನೆ ಬಾಗಿಲಿಗೆ ಬಂದಾಗ ಪುಸ್ತಕದ ಜೊತೆ ನಾಲ್ಕು ಮಾತೂ ಬರುತ್ತದೆ. ಇದು ಯಾಕೆ ಓದಬೇಕು, ಯಾರಿಗೆ ಹಿಡಿಸೀತು ಎಂಬ ಮಾತು. ಈಗ ನಮ್ಮ ನಡುವೆ ಪುಸ್ತಕ ಓಡಾಡುತ್ತದೆ, ಆ ಮಾತು ಓಡಾಡುವುದು ಕಡಿಮೆ.

ನಮ್ಮ ಜಿಲ್ಲೆಗೂ ಈ ಪರಂಪರೆಯಲ್ಲಿ ದೊಡ್ಡ ಪಾಲಿದೆ. ಅರಕಲಗೂಡಿನ ಹೆಸರನ್ನೇ ಇಟ್ಟುಕೊಂಡ ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ವಿಜಯನಗರದ ಕಥೆಯನ್ನೇ ಹಲವು ಕಾದಂಬರಿಗಳ ಮಾಲೆಯಾಗಿ ಕೊಟ್ಟರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ‘ಸಾರ್ಥ’ದಲ್ಲಿ ಎಂಟನೇ ಶತಮಾನಕ್ಕೆ ಹೋದರು. 2007ರಲ್ಲಿ ‘ಆವರಣ’ ಬಂದಾಗ ಕನ್ನಡದ ಓದುಗರೆಲ್ಲ ಎರಡು ಪಾಳೆಯವಾದರು. ಯು.ಆರ್. ಅನಂತಮೂರ್ತಿಯವರು ಅದನ್ನು ಕಟುವಾಗಿ ಟೀಕಿಸಿದರು, ಪ್ರತಿಗಳು ಮಾತ್ರ ಮುದ್ರಣದ ಮೇಲೆ ಮುದ್ರಣವಾಗಿ ಖರ್ಚಾದವು. ಒಂದೇ ಮನೆಯಲ್ಲಿ ಅಣ್ಣ ಮೆಚ್ಚಿದ ಪ್ರತಿಯನ್ನು ತಂಗಿ ಮುಖ ಸಿಂಡರಿಸಿ ವಾಪಸು ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಪುಸ್ತಕ ಸತ್ತಿರಲಿಲ್ಲ.

2025 ನಮ್ಮ ಜಿಲ್ಲೆಯ ಸಾಹಿತ್ಯಕ್ಕೆ ಮರೆಯಲಾಗದ ವರ್ಷ. ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಸಣ್ಣಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಸೆಪ್ಟೆಂಬರ್ 22ರಂದು ಅವರು ಮೈಸೂರು ದಸರಾ ಉದ್ಘಾಟಿಸಿದರು. ಎರಡು ದಿನ ಕಳೆದು, 24ರಂದು, ಭೈರಪ್ಪನವರು ತೀರಿಕೊಂಡರು. ಆ ದಿನಗಳಲ್ಲಿ ನನ್ನ ಬಳಗದಲ್ಲಿ ಪುಸ್ತಕಗಳು ಚುರುಕಾಗಿ ಕೈ ಬದಲಿಸಿದವು. ‘ಹಸೀನಾ’ ಇದೆಯಾ, ‘ಪರ್ವ’ ಇದೆಯಾ ಎಂದು ಕೇಳಿ ಒಯ್ದವರು ಎಷ್ಟೋ ಮಂದಿ. ಶಾಂತಲೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳದ ಪುಸ್ತಕವನ್ನು ಯಾರಿಗೆ ಕೊಡುವುದು ಎಂದು ಯೋಚಿಸುವ ಮೊದಲು ನನ್ನ ನಿರಾಸೆಯನ್ನೇ ಒಮ್ಮೆ ಪರೀಕ್ಷೆಗೆ ಒಡ್ಡಬೇಕೆನಿಸಿತು. ಬೇರೆ ಊರಿನ ಓದುಗರಿಗಿಲ್ಲದ ಅನುಕೂಲ ಹಾಸನದವರಿಗಿದೆ. ನಮ್ಮ ಕಾದಂಬರಿಯ ಪಾತ್ರಗಳು ಬಸ್ಸಿನ ದಾರಿಯಲ್ಲಿವೆ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಶಾಂತಲೆಯ ಹೆಸರಿನ ಊರು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಚನ್ನರಾಯಪಟ್ಟಣದಿಂದ ಮುಂದೆ ಶ್ರವಣಬೆಳಗೊಳ. ಜನರೆಲ್ಲ ವಿಂಧ್ಯಗಿರಿ ಏರಿ ಗೊಮ್ಮಟನ ಕಡೆ ಹೋಗುತ್ತಾರೆ. ಎದುರಿನ ಚಿಕ್ಕ ಬೆಟ್ಟ ಚಂದ್ರಗಿರಿಯಲ್ಲಿ ಅಷ್ಟು ಜನವಿಲ್ಲ. ಅಲ್ಲಿದೆ ಸವತಿಗಂಧವಾರಣ ಬಸದಿ. 1123ರಲ್ಲಿ ಶಾಂತಲೆ ಕಟ್ಟಿಸಿ, ಶಾಂತಿನಾಥನನ್ನು ನಿಲ್ಲಿಸಿ, ಪೂಜೆಗೆಂದು ಮೊಟ್ಟೆನವಿಲೆ ಎಂಬ ಊರನ್ನು ಬಿಟ್ಟುಕೊಟ್ಟದ್ದು. ಬಸದಿಗೆ ತನ್ನ ಬಿರುದನ್ನೇ ಹೆಸರಾಗಿಟ್ಟಳು. ಸವತಿಯರೆಂಬವರಿಗೆ ಮದದಾನೆಯಂತಿದ್ದವಳು ಎಂದು ಕಲ್ಲಿನಲ್ಲಿ ಬರೆಸಿಕೊಂಡ ಹೆಂಗಸು ಇವಳು. ಕಾದಂಬರಿಯಲ್ಲಿ ನಾನು ಹುಡುಕಿ ಸೋತ ಬಿಸಿರಕ್ತ ಅಲ್ಲಿ ಬಾಗಿಲಲ್ಲೇ ಎದುರಾಯಿತು.

ಅದೇ ಬೆಟ್ಟದ ಇನ್ನೊಂದು ಶಾಸನ ಸಾವಿನದು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಅದು ಹೇಳುತ್ತದೆ. ಮಗಳಿಲ್ಲದ ಮೇಲೆ ಉಳಿಯಲಾರದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ತಂದೆ ಶೈವ, ತಾಯಿ ಜೈನೆ, ಗಂಡನ ಒಲವು ಶ್ರೀವೈಷ್ಣವದತ್ತ. ಮಗಳು ಸತ್ತದ್ದು ಶಿವನ ಬೆಟ್ಟದಲ್ಲಿ, ತಾಯಿ ಸತ್ತದ್ದು ಜಿನನ ಬೆಟ್ಟದಲ್ಲಿ. ಇಷ್ಟನ್ನೇ ಎದುರಿಗಿಟ್ಟುಕೊಂಡು ಕೂತರೆ ಒಂದು ಕುಟುಂಬದ ಸಂಕಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ನನಗೆ ಅಲ್ಲಿ ಕಣ್ಣು ತುಂಬಿ ಬಂತು.

[ ಬಾಕ್ಸ್: ಎರಡು ಶಾಂತಲೆಯರು ]
ನಾಗರಾಜರಾಯರಿಗಿಂತ ಮೊದಲೇ ಕನ್ನಡಿಗರ ಮನಸ್ಸಿನಲ್ಲಿ ಶಾಂತಲೆಯನ್ನು ನಿಲ್ಲಿಸಿದ್ದು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್. ಅವರ ‘ಶಾಂತಲಾ’ ಒಂದೇ ಸಂಪುಟದ ಕಾದಂಬರಿ. ರಾಣಿ ಶಿವಗಂಗೆಯ ಶಿಖರದಿಂದ ಹಾರಿ ಪ್ರಾಣ ಬಿಟ್ಟಳೆಂಬ ಜನಜನಿತ ಕಥೆಯ ನೆನಪಿಗೆ ಆ ಬೆಟ್ಟದ ಒಂದು ಅಂಚನ್ನು ಇಂದಿಗೂ ‘ಶಾಂತಲಾ ಡ್ರಾಪ್’ ಎನ್ನುತ್ತಾರೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಶ್ರವಣಬೆಳಗೊಳದ ಶಾಸನಗಳು ಅದಕ್ಕೂ ಮೊದಲೇ, 1889ರಲ್ಲಿ ಅಚ್ಚಾಗಿದ್ದವು.

ಬೆಟ್ಟದಿಂದ ಇಳಿದ ಮೇಲೆ ನನ್ನ ದೂರು ಸ್ಪಷ್ಟವಾಯಿತು, ನಾಗರಾಜರಾಯರ ಮೇಲಿನ ಗೌರವವೂ ಹೆಚ್ಚಾಯಿತು. ಮಕ್ಕಳಿಲ್ಲದ ಕೊರಗಿನಲ್ಲಿ ಶಾಂತಲೆ ಪ್ರಾಣ ಕಳೆದುಕೊಂಡಳೆಂಬ ಕಥೆಯನ್ನು ಅವರು ಒಪ್ಪಲಿಲ್ಲ. ಶಾಸನಗಳನ್ನು ಮುಂದಿಟ್ಟುಕೊಂಡು ವಾದ ಹೂಡಿದರು. ಅವಳನ್ನು ಬಂಜೆತನದ ಕಣ್ಣೀರಿನಿಂದ ಬಿಡಿಸಿ, ರಾಜ್ಯದ ಕೆಲಸದಲ್ಲಿ ಕೈಜೋಡಿಸಿದ ಪಟ್ಟದರಸಿಯಾಗಿ ಕೂರಿಸಬೇಕೆಂಬುದು ಅವರ ಆಸೆ. ಆ ಆಸೆ ದೊಡ್ಡದು, ನ್ಯಾಯವಾದದ್ದು. ಆದರೆ ಅಪವಾದದಿಂದ ಕಾಪಾಡಲು ಹೊರಟ ಲೇಖಕರು ಅವಳಿಗೆ ಒಂದು ಕಲೆಯೂ ತಾಗದಂತೆ ನೋಡಿಕೊಂಡರು. ಗೌರವ ಹೆಚ್ಚಾದ ಕಡೆ ಪಾತ್ರಕ್ಕೆ ಕಾಲೂರಲು ನೆಲ ಸಿಗಲಿಲ್ಲ ಎಂಬುದು ನನ್ನ ಓದು.

ಬೇಲೂರಿನಲ್ಲೂ ಇದೇ ಅನಿಸಿತು. 1117ರ ಆ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಶಾಂತಲೆ ಮಾಡಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯೂ ಅದೇ ಅಂಗಳದಲ್ಲಿದೆ. ಕಪ್ಪೆಯ ಹೆಸರು ಕೇಳಿದರೆ ಸಾಕು, ಶಿಲ್ಪಿ ಜಕಣಾಚಾರಿ ಮತ್ತು ಅವನ ಮಗನ ಕಥೆಯನ್ನು ಮಕ್ಕಳೂ ಒಪ್ಪಿಸುತ್ತಾರೆ. ಶಾಸನದ ಬೆಂಬಲವಿಲ್ಲದ ಕಥೆ ಇಷ್ಟು ಗಟ್ಟಿಯಾಗಿ ಉಳಿದಿದ್ದರೆ ಅದಕ್ಕೆ ಕಾರಣ ಅಪ್ಪ ಮಗನ ಸೋಲು, ಕೋಪ, ಪಶ್ಚಾತ್ತಾಪ. ಜನ ನೆನಪಿಟ್ಟುಕೊಂಡದ್ದು ತಪ್ಪು ಮಾಡಿದ ಶಿಲ್ಪಿಯನ್ನು.

ಈಗ ಕೊಡುವ ವಿಷಯ.

ಪುಸ್ತಕ ದಾಟಿಸುವುದರಲ್ಲಿ ಎರಡು ಬಗೆ ನಾನು ಕಂಡಿದ್ದೇನೆ. ಹೊರೆ ಇಳಿಸಿಕೊಳ್ಳಲು ಕೊಡುವುದು ಒಂದು. ಗೃಹಪ್ರವೇಶಕ್ಕೆ, ನಿವೃತ್ತಿಯ ಸಮಾರಂಭಕ್ಕೆ, ಶಾಲೆಯ ಬಹುಮಾನಕ್ಕೆ ಹೀಗೆ ಎಷ್ಟೋ ದಪ್ಪ ಪುಸ್ತಕ ಹೊಸ ಹೊದಿಕೆ ಹಾಕಿಕೊಂಡು ಹೊರಡುತ್ತವೆ. ಪಡೆದವರು ಇನ್ನೊಂದು ಸಮಾರಂಭ ಕಾಯುತ್ತಾರೆ. ಪುಸ್ತಕ ತಾಲ್ಲೂಕು ಸುತ್ತುತ್ತದೆ, ತೆರೆಯುವುದೇ ಇಲ್ಲ.

ಇನ್ನೊಂದು ಬಗೆಯಲ್ಲಿ, ಕೊಡುವವರಿಗೆ ಮುಂದಿನ ಓದುಗರ ಮುಖ ಗೊತ್ತಿರುತ್ತದೆ. ನಿರಾಸೆಗೊಂಡು ಓದಿ ಮುಗಿಸಿದವರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ ಎಂದು ನನ್ನ ನಂಬಿಕೆ. ಪುಸ್ತಕ ಎಲ್ಲಿ ಸೋಲುತ್ತದೆ, ಎಲ್ಲಿ ಚೇತರಿಸಿಕೊಳ್ಳುತ್ತದೆ, ಯಾವ ಪುಟದಲ್ಲಿ ನಿದ್ದೆ ಬರುತ್ತದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿ ಇರುತ್ತದೆ. ಹೊಗಳಿಕೆ ಕೇಳಿ ತೆಗೆದುಕೊಂಡವರು ನೂರನೇ ಪುಟದಲ್ಲಿ ಕೈಬಿಡುತ್ತಾರೆ. ‘ನಿಧಾನ ಇದೆ, ಚಾಮವ್ವೆ ಬರೋ ತನಕ ತಾಳ್ಮೆ ಇರ್ಲಿ’ ಎಂದು ಹೇಳಿ ಕೊಟ್ಟರೆ ಅಷ್ಟರ ಮಟ್ಟಿಗಾದರೂ ಕಾಯುತ್ತಾರೆ.

ಗ್ರಂಥಾಲಯಕ್ಕೆ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೊಡಬಹುದು, ಕೊಡಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ಅರಿವು ಕೇಂದ್ರಗಳಾಗಿವೆ. ಜನರಿಂದ ಪುಸ್ತಕ ಸಂಗ್ರಹಿಸುವ ‘ಪುಸ್ತಕ ಜೋಳಿಗೆ’ಯೂ ನಡೆದಿದೆ. ಆದರೆ ಸಂಪುಟಗಳ ಪುಸ್ತಕಕ್ಕೆ ಅದರದೇ ಒಂದು ಅಪಾಯವಿದೆ. ಎರಡನೆಯದನ್ನು ಯಾರೋ ಒಯ್ಯುತ್ತಾರೆ, ಹಿಂದಿರುಗಿಸುವುದಿಲ್ಲ. ಮೂರನೆಯದು ಬೇರೆ ಕಪಾಟು ಸೇರುತ್ತದೆ. ಉಳಿದ ಒಂದು, ನಾಲ್ಕು ಯಾರಿಗೂ ಬೇಡ. ಗ್ರಂಥಾಲಯಕ್ಕೆ ಕೊಡುವವರು ದಯವಿಟ್ಟು ಪ್ರತಿ ಸಂಪುಟದ ಒಳಪುಟದಲ್ಲಿ ‘4ರಲ್ಲಿ 1’, ‘4ರಲ್ಲಿ 2’ ಎಂದು ದಪ್ಪಗೆ ಬರೆದು, ನಾಲ್ಕನ್ನೂ ಒಟ್ಟಿಗೆ ಕೈಗಿಡಿ.

ದೂರದವರಿಗೆ ಕಳಿಸುವುದು 2024ರ ಕೊನೆಯಲ್ಲಿ ದುಬಾರಿಯಾಯಿತು. ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ನಾಲ್ಕು ದಪ್ಪ ಸಂಪುಟದ ತೂಕ ಹಾಕಿ ನೋಡಿದರೆ ಆ ನಷ್ಟ ಎಷ್ಟೆಂದು ತಿಳಿಯುತ್ತಿತ್ತು. ಹಳ್ಳಿಯ ಓದುಗರಿಗೆ ಅಂಚೆಯಣ್ಣನೇ ಪುಸ್ತಕದಂಗಡಿಯಾಗಿದ್ದ ನಾಡು ನಮ್ಮದು.

ನನ್ನ ಕಟ್ಟಿಗೆ ಅಂಚೆ ಬೇಕಾಗಲಿಲ್ಲ. ಅರಕಲಗೂಡಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಕೊಡಗಿನ ಗಡಿಗೆ ಅಂಟಿದ ಆ ಕಡೆಯವರಿಗೆ ‘ಚಿಕವೀರ ರಾಜೇಂದ್ರ’ ನೆರೆಮನೆಯ ದುರಂತ. 1834ರಲ್ಲಿ ಕಂಪನಿಯ ದಂಡು ಕೊಡಗನ್ನು ಹೇಗೆ ನುಂಗಿತೆಂಬುದನ್ನು ಮಾಸ್ತಿಯವರಿಂದ ಕಲಿತು ತರಗತಿಯಲ್ಲಿ ಹೇಳುತ್ತಿದ್ದವರು ಅವರು. ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು, ಮತ್ತೆ ಓದಲು ಅನುಮತಿ ಸಿಕ್ಕಿ, ದೊಡ್ಡದೇನಾದರೂ ಇದ್ದರೆ ಕೊಡು ಎಂದು ಕೇಳಿದ್ದರು. ಅವರಿಗೆ ಅವಸರವಿಲ್ಲ. ಮನೆಯ ಆಚಾರ, ಅಡುಗೆ, ಹಬ್ಬ, ಹಿರಿಯರ ಮಾತುಕತೆ ಉದ್ದಕ್ಕೆ ಬಂದರೆ ಅವರಿಗೆ ಸಂತೋಷ.

ಹಾಸನದಿಂದ ಅರಕಲಗೂಡಿಗೆ ಹೊರಟ ನನ್ನ ಚೀಲದಲ್ಲಿ ನಾಲ್ಕು ಸಂಪುಟ, ಮೊದಲನೆಯದರಲ್ಲಿ ಮಡಿಸಿಟ್ಟ ಒಂದು ಚೀಟಿ. ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದೆ: ನನಗೆ ಹಿಡಿಸಲಿಲ್ಲ. ಶಾಂತಲೆ ಎಲ್ಲೂ ಸೋಲುವುದಿಲ್ಲ, ಅದೇ ನನ್ನ ದೂರು. ಚಾಮವ್ವೆಯನ್ನು ಬಿಡದೆ ಓದಿ. ಮುಗಿದ ಮೇಲೆ ಚಂದ್ರಗಿರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಅವರೀಗ ಎರಡನೇ ಸಂಪುಟದಲ್ಲಿದ್ದಾರೆ. ಫೋನ್ ಮಾಡಿ ನನ್ನ ಚೀಟಿಯನ್ನು ಒಂದೊಂದೇ ಸಾಲು ಹಿಡಿದು ತಿರಸ್ಕರಿಸಿದರು. ಹತ್ತು ವರ್ಷದ ಹೆಣ್ಣುಮಗುವಿಗೆ ಎಲ್ಲ ವಿದ್ಯೆ ಕಲಿಸಿದ ಅಪ್ಪ ಅಮ್ಮನನ್ನು ನೀನು ಗಮನಿಸಲೇ ಇಲ್ಲ ಎಂದರು. ತಮ್ಮ ಕಾಲದಲ್ಲಿ ಏಳನೇ ತರಗತಿಗೆ ಶಾಲೆ ಬಿಡಿಸಿದ್ದರಂತೆ. ಹಟ ಹಿಡಿದು, ಉಪವಾಸ ಕೂತು, ಮತ್ತೆ ಸೇರಿದ್ದರಂತೆ. ಎಡವದ ಹುಡುಗಿಯ ಕಥೆಯನ್ನು ಅವರು ಓದುವ ರೀತಿಯೇ ಬೇರೆ. ಚಾಮವ್ವೆಯ ಬಗ್ಗೆ ಮಾತ್ರ ನಮ್ಮಿಬ್ಬರದೂ ಒಂದೇ ಅಭಿಪ್ರಾಯ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಸಿಕ್ಕರೆ ತಂದುಕೊಡು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು ಎಂದಿದ್ದಾರೆ. ಹಾಸನದಲ್ಲಿ ಹುಡುಕುತ್ತಿದ್ದೇನೆ.